ಮೀನಿನ ಅಕ್ಕನ ಮನೆಗಳು

ಮೀನಿನ ಅಕ್ಕನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಸಣ್ಣ ಪ್ರಾಯದಲ್ಲಿ ಮೀನಿನ ಮುಳ್ಳು ಚುಚ್ಚಿ, ಕೀವಾಗಿ ಬಿದ್ದುಹೋದದ್ದು ಮತ್ತೆ ಬರಲಿಲ್ಲವಂತೆ. ಆ ಬೋಳು ಬೆರಳಿನಿಂದ ಬಂಗುಡೆಯ ಬೆನ್ನು ಒತ್ತಿ, ಅದು ಇವತ್ತಿನದೋ ನಿನ್ನೆಯದೋ ಎಂದು ಹೇಳುತ್ತಿದ್ದರು. ಬಿಜೈಯ ನಮ್ಮ ಓಣಿಗೆ ಅವರು ಬುಟ್ಟಿ ಹೊತ್ತು ಬರುತ್ತಿದ್ದದ್ದು ನಾನು ಹುಟ್ಟುವ ಮೊದಲಿನಿಂದ. ಅಮ್ಮ ಚೌಕಾಸಿ ಮಾಡಿದರೆ, "ಸಮುದ್ರಕ್ಕೆ ನೀವೇ ಹೋಗಿ ಬನ್ನಿ ಬಾಯಮ್ಮ, ಬುಟ್ಟಿ ನಾನು ಕೊಡ್ತೇನೆ" ಎಂದು ನಗುತ್ತಿದ್ದರು.

ಎಂ.ಎಸ್ಸಿ. ಮುಗಿಸಿ ಒಂದೂವರೆ ವರ್ಷ ನಾನು ಮನೆಯಲ್ಲಿ ಕೂತಿದ್ದೆ. ಪಣಂಬೂರಿನ ಕಾರ್ಖಾನೆಗಳಿಂದ ಉತ್ತರ ಬರಲಿಲ್ಲ. ಚಿಕ್ಕಮ್ಮನ ಮಕ್ಕಳ ಹಾಗೆ ಗಲ್ಫಿಗೆ ಹೋಗೋಣವೆಂದರೆ ನಾನು ನರ್ಸಿಂಗ್ ಕಲಿತವಳಲ್ಲ. ಪದವೀಧರರ ಸ್ವ ಉದ್ಯೋಗ ಶಿಬಿರವೊಂದಕ್ಕೆ ಹೋಗಿ ಬಂದ ಮೇಲೆ, ಮೀನನ್ನು ಶುಚಿ ಮಾಡಿ ಮನೆಮನೆಗೆ ತಲುಪಿಸುವ ಯೋಚನೆ ಹುಟ್ಟಿತು. ಆದರೆ ಮೀನಿನ ಪರಿಚಯ ನನಗೆ ಬಟ್ಟಲಿನಲ್ಲಿ ಮಾತ್ರ ಇತ್ತು. ಅಕ್ಕನನ್ನೇ ಕೇಳಿದೆ.

"ನಾಳೆ ಆರು ಗಂಟೆಗೆ ಧಕ್ಕೆಗೆ ಬಾ. ಒಳ್ಳೆ ಚಪ್ಪಲಿ ಹಾಕ್ಬೇಡ," ಎಂದರು.

ಒಂದು ತಿಂಗಳು ಬೋಟುಗಳು ಬಂದು ನಿಲ್ಲುವಲ್ಲಿ ಅವರ ಹಿಂದೆಯೇ ತಿರುಗಿದೆ. "ಕಣ್ಣು ನೋಡಿ ಮೋಸ ಹೋಗ್ಬೇಡ ಮಗಾ, ಐಸಲ್ಲಿಟ್ರೆ ಅದೂ ಹೊಳೀತದೆ. ಕಿವಿರು ಎತ್ತು." ಏಲಂ ಕೂಗುವವರಿಗೆ ನನ್ನನ್ನು ತೋರಿಸಿ, "ಇವಳು ನನ್ನ ಹುಡುಗಿ, ಹಳತು ಕೊಟ್ರೆ ಜಾಗ್ರತೆ" ಎಂದರು. ಒಮ್ಮೆ, ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಎಂತಕ್ಕೆ ಬೇಸರ? ಯಾರ ಕೈ ಕೆಳಗೂ ಕೂತವಳಲ್ಲ ನಾನು" ಎಂದಿದ್ದರು.

ಮೊದಲು ನಾನು ಹೋದದ್ದು ವಾಚ್‌ಮನ್ ಬುಟ್ಟಿಯವರನ್ನು ಒಳಗೆ ಬಿಡದ ಫ್ಲ್ಯಾಟುಗಳಿಗೆ. ಅಕ್ಕನಿಗೆ ಸಿಗದ್ದನ್ನು ನಾನು ಹಿಡಿದೆ ಎಂದು ಸಮಾಧಾನವಿತ್ತು. ಆಮೇಲೆ ನಮ್ಮ ಓಣಿಯವರೇ ಮೊಬೈಲಿನಲ್ಲಿ ಮೆಸೇಜ್ ಹಾಕತೊಡಗಿದರು. ಯಾರ ಗಿರಾಕಿಗಳೆಂದು ನನಗೆ ಗೊತ್ತಿತ್ತು. ಬೇಡ ಎನ್ನಲಿಲ್ಲ.

ಒಂದು ದಿನ ಮೂಲೆಮನೆಯಿಂದ ಚೀಲ ಹಿಡಿದು ಹೊರಬರುವಾಗ ಗೇಟಿನಲ್ಲಿ ಅಕ್ಕ ನಿಂತಿದ್ದರು. ಬುಟ್ಟಿ ತುಂಬಿಯೇ ಇತ್ತು.

"ಎಂತ ಕೊಟ್ಟೆ?"

"ಕಾಣೆ ಮೀನು."

"ಕಿವಿರು ನೋಡಿದ್ಯಾ?"

"ನೋಡಿದೆ ಅಕ್ಕಾ."

"ಹಾಂ," ಎಂದು ಮುಂದೆ ನಡೆದರು. ಆ ಸಂಜೆಯೇ ಅವರನ್ನು ಹುಡುಕಿಕೊಂಡು ಧಕ್ಕೆಗೆ ಹೋಗಿ, ನನ್ನಲ್ಲಿ ಮೀನು ಕೊಯ್ಯುವ ಕೆಲಸಕ್ಕೆ ಬನ್ನಿ, ತಿಂಗಳ ಸಂಬಳ ಕೊಡುತ್ತೇನೆ ಎಂದೆ. ಸಹಾಯ ಮಾಡುತ್ತಿದ್ದೇನೆಂದೇ ನಂಬಿದ್ದೆ. ಅವರು, "ಮನೆಗೆ ಹೋಗು ಮಗಾ, ಕತ್ತಲಾಗ್ತದೆ" ಎಂದರು. ಅಷ್ಟೇ.

ಆಮೇಲೆ ಓಣಿಗೆ ಬರುವುದನ್ನು ನಿಲ್ಲಿಸಿದರು. ನಿಲ್ಲಿಸುವ ದಿನದವರೆಗೂ ಅವರಿಂದಲೇ ಮೀನು ತೆಗೆದುಕೊಳ್ಳುತ್ತಿದ್ದವಳು ನನ್ನ ಅಮ್ಮ ಒಬ್ಬಳೇ.

ಮಳೆಗಾಲದಲ್ಲಿ, ಬೋಟುಗಳು ಕಡಲಿಗಿಳಿಯದ ದಿನಗಳಲ್ಲಿ ಅಕ್ಕ ತೀರಿಕೊಂಡರು. ಸುದ್ದಿ ನನಗೆ ತಲುಪುವಾಗ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು. ತೊಕ್ಕೊಟ್ಟಿನಾಚೆ ಅವರ ಮನೆಗೆ ಹೋದೆ. ಮೀನಿನ ವ್ಯಾಪಾರದವಳು ಎಂದಾಗ ಸೊಸೆ ಬಾಗಿಲಲ್ಲಿ ನನ್ನನ್ನು ನೋಡಿ, "ಬಿಜೈಯವರಾ? ಅತ್ತೆ ನಿಮ್ಮದೇ ಹೇಳ್ತಿದ್ರು. 'ನಂಗೆ ಕಾಲು ಬರುದಿಲ್ಲ, ನನ್ನ ಮನೆಗಳನ್ನು ನನ್ನ ಹುಡುಗಿಗೆ ಬಿಟ್ಟುಕೊಟ್ಟಿದ್ದೇನೆ' ಅಂತ," ಎಂದಳು. ಕಾಫಿ ತಂದುಕೊಟ್ಟಳು. ಬಿಟ್ಟುಕೊಟ್ಟದ್ದಲ್ಲ, ನಾನು ಕಿತ್ತುಕೊಂಡದ್ದು ಎಂದು ಹೇಳದೆ ಅದನ್ನು ಕುಡಿದು ಮುಗಿಸಿದೆ. ಅವರು ಹಾಗೆ ಹೇಳಿದ್ದು ನನ್ನ ಮಾನ ಕಾಯಲೋ, ತಮ್ಮದನ್ನೋ? ಈಗ ಯಾರನ್ನು ಕೇಳಲಿ?

ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿದೆ. ಅಕ್ಕ ಬರುತ್ತಿದ್ದ ಹನ್ನೊಂದು ಗಂಟೆಗೆ ಓಣಿಯ ಬೆಕ್ಕುಗಳು ಈಗಲೂ ಗೇಟುಗಳ ಬಳಿ ಬಂದು ಕೂರುತ್ತವೆ. ನನ್ನ ಪ್ಯಾಕೆಟ್ಟಿನಲ್ಲಿ ತಲೆಯಿಲ್ಲ, ಕರುಳಿಲ್ಲ. ಅವುಗಳಿಗೆ ಸಿಗುವಂಥದ್ದು ಏನೂ ಇಲ್ಲ. ಸ್ಕೂಟರ್ ನಿಲ್ಲಿಸಿದರೂ ಅವು ನನ್ನತ್ತ ತಿರುಗುವುದಿಲ್ಲ. ಓಣಿಯ ತುದಿಯನ್ನೇ ನೋಡುತ್ತಾ ಕೂತಿರುತ್ತವೆ.