ನಾಲ್ಕು ಗಂಟೆಯ ಹಸಿವು

ಪಕ್ಕದ ಮನೆಯಲ್ಲಿ ಯಾರೋ ಕೋಡುಬಳೆ ಕರಿಯುತ್ತಿದ್ದಾರೆ. ಸಂಜೆ ನಾಲ್ಕಕ್ಕೆ ಸರಿಯಾಗಿ ವಾಸನೆ ಕಿಟಕಿ ದಾಟಿ ಬಂತು. ಹೋದ ವಾರ ಡಾಕ್ಟರು ನನಗೂ ಸಕ್ಕರೆ ಕಾಯಿಲೆ ಎಂದು ಹೇಳಿ, ಸಿಹಿ, ಕರಿದದ್ದು ಎರಡನ್ನೂ ನಿಲ್ಲಿಸಿದ್ದಾರೆ. ಈ ವಯಸ್ಸಿನಲ್ಲಿ ಒಂದು ಕೋಡುಬಳೆಗಾಗಿ ಕಣ್ಣು ಒದ್ದೆಯಾಯಿತು ಎಂದರೆ ನೀವು ನಗುತ್ತೀರಿ. ನಗಿ, ನಾನೂ ನಕ್ಕೆ. ಆಮೇಲೆ ನಮ್ಮತ್ತೆ ನೆನಪಾದರು.

ಯುದ್ಧದ ಕಾಲ, ಸಕ್ಕರೆಗೂ ರೇಷನ್ನು. ನಾನು ಮುಳಬಾಗಿಲಿನಿಂದ ಕೋಲಾರದ ಮನೆಗೆ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಅತ್ತೆ ದಪ್ಪ ಮೈಯ, ದೊಡ್ಡ ದನಿಯ ಹೆಂಗಸು. ಸಂಜೆ ಕಾಫಿಯ ಜೊತೆ ಚಕ್ಕುಲಿಯೋ ಕಜ್ಜಾಯವೋ ಇಲ್ಲದಿದ್ದರೆ ಅವರಿಗೆ ಹೊತ್ತು ಮುಳುಗುತ್ತಿರಲಿಲ್ಲ. ಅವರ ಕಾಲ್ಬೆರಳಿನ ಗಾಯ ಎಷ್ಟು ದಿನವಾದರೂ ಮಾಯದಿದ್ದಾಗ ಡಾಕ್ಟರು ಬಂದು ನೋಡಿ ಸಕ್ಕರೆ ಕಾಯಿಲೆ ಎಂದರು. ದಿನಾ ಬೆಳಿಗ್ಗೆ ಕಾಂಪೌಂಡರ್ ಬಂದು ಇಂಜೆಕ್ಷನ್ ಕೊಡುವುದು, ಊಟ ಅಳತೆಯಲ್ಲಿ, ಸಿಹಿ ಮುಟ್ಟುವಂತಿಲ್ಲ ಎಂದಾಯಿತು. ಮಾವನವರು ಉಗ್ರಾಣದ ಬೀಗದ ಕೈಯನ್ನು ನನಗೆ ಒಪ್ಪಿಸಿದರು. ಹೊಸ ಸೊಸೆ ಅತ್ತೆಗೆ ಇಲ್ಲ ಎನ್ನಬೇಕು, ನೀವೇ ಯೋಚಿಸಿ.

ನಾಲ್ಕು ಗಂಟೆ ಹತ್ತಿರವಾದರೆ ನಾನು ಹಿತ್ತಿಲಿನಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಅತ್ತೆ ಮೊದಮೊದಲು ಬೈದರು. ಆಮೇಲೆ ಒಂದೇ ಒಂದು ಚೂರು ಕೊಡೆಂದು ಬೇಡಿದರು. ಬೈಗುಳಕ್ಕಿಂತ ಅದಕ್ಕೇ ನಾನು ಹೆದರುತ್ತಿದ್ದೆ. ಅವರನ್ನು ಬಿಟ್ಟು ತಿನ್ನಲಾರದೆ ನಾನೂ ಸಂಜೆಯ ತಿಂಡಿ ಬಿಟ್ಟೆ. ದೊಡ್ಡ ತ್ಯಾಗವೇನಲ್ಲ, ಬೆಲ್ಲದ ಡಬ್ಬಿಯ ಕಡೆ ನೋಡದೆ ಉಗ್ರಾಣ ಗುಡಿಸುವ ಅಭ್ಯಾಸ ಮಾಡಿಕೊಂಡೆ, ಅಷ್ಟೆ.

ಇದ್ದಕ್ಕಿದ್ದಂತೆ ಅತ್ತೆ ಕೇಳುವುದನ್ನೇ ನಿಲ್ಲಿಸಿದರು. ನಮಗೆಲ್ಲ ನೆಮ್ಮದಿ. ಒಂದು ಸಂಜೆ ಗಂಡಸರು ಯಾರೂ ಮನೆಯಲ್ಲಿರಲಿಲ್ಲ. ನಡುಮನೆಯಲ್ಲಿ ಹೂ ಕಟ್ಟುತ್ತಿದ್ದ ಅತ್ತೆಯ ಕೈಯಿಂದ ದಾರ ಜಾರಿತು. ನೋಡಿದರೆ ರವಿಕೆ ಬೆವರಿನಲ್ಲಿ ತೊಯ್ದಿದೆ, ತುಟಿ ನಡುಗುತ್ತಿದೆ. ಗಾಬರಿಯಾದಾಗ ಅವರ ಬಾಯಿಗೆ ತೌರಿನ ತೆಲುಗೇ ಬರುತ್ತಿತ್ತು.

“ಭಯಮವುತಾ ಉಂದಮ್ಮಾ,” ಎಂದರು. ಭಯವಾಗುತ್ತಿದೆಯಂತೆ.

ಕದ್ದು ಏನೋ ತಿಂದಿದ್ದಾರೆ ಎಂದೇ ಮೊದಲು ಅಂದುಕೊಂಡೆ. ಆದರೆ ಇಂಜೆಕ್ಷನ್ ತೆಗೆದುಕೊಂಡವರು ಬೆವರಿ ನಡುಗಿದರೆ ತಕ್ಷಣ ಸಕ್ಕರೆ ನೀರು ಕುಡಿಸಬೇಕೆಂದು ಡಾಕ್ಟರು ಮಾವನವರಿಗೆ ಹೇಳುವಾಗ ಬಾಗಿಲ ಹಿಂದೆ ನಿಂತು ಕೇಳಿದ್ದೆ. ಕುಡಿಸಬೇಕು ಅಂದಿದ್ದರೋ, ಕುಡಿಸಬಾರದು ಅಂದಿದ್ದರೋ? ಇಷ್ಟು ದಿನ ವಿಷವೆಂದು ಕಾದದ್ದನ್ನು ಈಗ ನಾನೇ ಅವರ ಬಾಯಿಗೆ ಹಾಕಬೇಕು. ಓಡಿಹೋಗಿ ಉಗ್ರಾಣದ ಬೀಗ ತೆಗೆದೆ. ಸಕ್ಕರೆ ಕದಡಿ, ಅವರ ತಲೆಯನ್ನು ಎದೆಗೊರಗಿಸಿಕೊಂಡು ಚಮಚ ಚಮಚವಾಗಿ ಕುಡಿಸಿದೆ. ಒಂದೊಂದು ಗುಟುಕು ಇಳಿದಾಗಲೂ ಕೊಂದೆನೇನೋ ಅನ್ನಿಸುತ್ತಿತ್ತು.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಅತ್ತೆ ನನ್ನನ್ನು ಗುರುತಿಸಿದರು. ಏನು ತಿಂದಿರಿ ಎಂದು ಕೇಳಿದೆ.

“ಏನೂ ತಿಂದಿಲ್ಲ ಕಣೇ. ಮಧ್ಯಾಹ್ನದ ಮುದ್ದೆ ಹಸೂಗೆ ಹಾಕ್ಬಿಟ್ಟೆ. ಗಾಯ ಮಾಯ್ದೇ ಇದ್ರೆ ಕಾಲು ತೆಗೀಬೇಕು ಅಂತ ಇವರೆಲ್ಲ ಮಾತಾಡ್ಕೊಂಡಿದ್ದು ಕೇಳಿಸ್ತು. ತಿನ್ನದೇ ಇದ್ರೆ ಉಳೀತದೇನೋ ಅಂತ.”

ಮನೆ ತುಂಬ ದನಿಯಿದ್ದ ಹೆಂಗಸು, ಅದೊಂದನ್ನು ಯಾರಿಗೂ ಹೇಳಿರಲಿಲ್ಲ.

ಮರುದಿನ ಬಂದ ಡಾಕ್ಟರು ನಾನು ಮಾಡಿದ್ದು ಸರಿ ಎಂದರು. ಆಗ ನನಗೆ ಅಳು ಬಂತು. ಊಟ ತಪ್ಪಿಸಕೂಡದೆಂದು ಅತ್ತೆಗೇ ನೇರವಾಗಿ ಹೇಳಿ, ಸಂಜೆಗೆ ಒಂದು ಹಿಡಿ ಹುರಿಗಡಲೆ, ಸೌತೆಕಾಯಿ, ಮಜ್ಜಿಗೆ ಗೊತ್ತುಮಾಡಿದರು. ಇಬ್ಬರೂ ಒಂದೇ ತಟ್ಟೆ ಇಟ್ಟುಕೊಂಡು ನಿಧಾನವಾಗಿ ಅಗಿಯುತ್ತಿದ್ದೆವು. ಕಜ್ಜಾಯದ ಆಸೆಯಾದ ದಿನ ಅತ್ತೆ ಬಾಯಿಬಿಟ್ಟು ಹೇಳುತ್ತಿದ್ದರು. ದಿಗಿಲಾದ ದಿನವೂ ಹೇಳುತ್ತಿದ್ದರು. ನಿಧಾನಕ್ಕೆ ಗಾಯ ಮಾಯಿತು. ಕಾಲು ಉಳಿಯಿತು.

ಈ ವಾರವೆಲ್ಲ ನಾನು ನನ್ನ ಸೊಸೆಯ ಮುಂದೆ ಏನೂ ಆಗದವಳಂತೆ ಓಡಾಡಿಕೊಂಡಿದ್ದೇನೆ. ಇಷ್ಟು ಬರೆಯುವ ಹೊತ್ತಿಗೆ ಆ ನಾಟಕ ಸಾಕೆನ್ನಿಸಿತು. ಅವಳನ್ನು ಕರೆದೆ.

“ನಿದ್ದೆ ಬರ್ತಿಲ್ಲ ಕಣೇ,” ಎಂದೆ. “ಪಾದ ಮುಟ್ಟಿ ಮುಟ್ಟಿ ನೋಡ್ಕೋತಿರ್ತೀನಿ.”

ಅವಳು ಒಲೆ ಆರಿಸಿ ಬಂದು ಕೂತು, ನನ್ನ ಪಾದವನ್ನು ಮಡಿಲಿಗೆಳೆದುಕೊಂಡು, ಬೆರಳು ಬೆರಳನ್ನೂ ಬಿಡಿಸಿ ನೋಡತೊಡಗಿದಳು.