ನೀಲಾವತಿಯ ಬೆನ್ನ ಹಿಂದಿನ ಮನುಷ್ಯ

ರಾರಾವಿಯಿಂದ ಬಳ್ಳಾರಿಗೆ ಓದಲು ಹೋದ ಹುಡುಗಿಯರು ನೀಲಾವತಿಗಿಂತ ಮೊದಲೂ ಇದ್ದರು. ಅವರೆಲ್ಲ ನರ್ಸಿಂಗ್, ಬಿ.ಕಾಂ., ಡಿ.ಎಡ್. ಎಂದು ಹೋದವರು, ಕೇಳಿದವರಿಗೆ ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ನೀಲಾವತಿ ಸೇರಿದ್ದು ಬಿ.ಎ.ಗೆ, ಅದರಲ್ಲೂ ಅಪರಾಧಶಾಸ್ತ್ರಕ್ಕೆ. ಕಾಲೇಜು ಕ್ರೈಸ್ತ ಸನ್ಯಾಸಿನಿಯರದು. ಇವೆರಡರಲ್ಲಿ ಯಾವುದು ಹೆಚ್ಚು ಅನುಮಾನದ ಸಂಗತಿ ಎಂದು ಊರಿಗೆ ಕಡೆಯವರೆಗೂ ತೀರ್ಮಾನಿಸಲು ಆಗಲಿಲ್ಲ.

"ಹೆಣ್ಣುಡುಗಿ ಕಳ್ಳರ ಬಗ್ಗೆ ಓದಿ ಏನ್ ಮಾಡಾಕಿ?" ಎಂದು ನಲ್ಲಿಯ ಹತ್ತಿರ ಕೇಳಿದವರಿಗೆ ತಾಯಿ ಪಕ್ಕೀರಮ್ಮ "ಪೊಲೀಸ್ ಆಗ್ತಾಳ" ಎಂದು ಹೇಳಿ ಕೊಡ ಎತ್ತಿಕೊಂಡು ನಡೆದುಬಿಡುತ್ತಿದ್ದಳು. ಮನೆಗೆ ಬಂದು ಮಗಳಿಗೆ ಫೋನ್ ಮಾಡಿ ತಾನೂ ಕೇಳುತ್ತಿದ್ದಳು.

"ನಿನ್ನ ತಲಿ ಮ್ಯಾಲೆ ಅವರು ನೀರು ಗೀರು ಹಾಕಿಲ್ಲ ಹೌದಿಲ್ಲ?"

"ದಿನಾ ನಾನೇ ಹಾಕ್ಕೊಂತೀನಿ ಬೇ, ಬಚ್ಚಲದಾಗ."

ನಗಿಸಲೆಂದು ಹೇಳಿದ ಮಾತಿಗೆ ಪಕ್ಕೀರಮ್ಮ ನಗುತ್ತಿರಲಿಲ್ಲ.

ಅಪರಾಧಶಾಸ್ತ್ರವೇ ಬೇಕೆಂದು ನೀಲಾವತಿ ಹಟ ಹಿಡಿದದ್ದಕ್ಕೆ ಕಾರಣವಿತ್ತು. ಅವಳ ಅಪ್ಪ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ. ಅವಳು ಹೈಸ್ಕೂಲಿನಲ್ಲಿದ್ದಾಗ ಮಿಲ್ಲಿನ ಮೋಟರೊಂದು ಕಳುವಾಯಿತು. ಪೊಲೀಸರು ಅಪ್ಪನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಕೂಡಿಸಿಕೊಂಡು, ಆಮೇಲೆ ಮನೆಗೆ ಕಳಿಸಿದರು. ಅವನು ಕದ್ದನೆಂದು ಯಾರೂ ಹೇಳಲಿಲ್ಲ, ಕದ್ದಿಲ್ಲವೆಂದೂ ಹೇಳಲಿಲ್ಲ. ಅಲ್ಲಿಂದ ಮುಂದೆ ಅವನು ಯಾವ ಮಿಲ್ಲಿಗೆ ಹೋದರೂ ಕೆಲಸ ಕೊಡುವವರ ಕಣ್ಣು ಅವನ ಕೈ ಮೇಲೆಯೇ ಇರುತ್ತಿತ್ತು. ಆ ನೋಟದಲ್ಲಿಯೇ ಬದುಕಿ, ಅದರಲ್ಲಿಯೇ ಸತ್ತ. ಮನೆಯ ಭಾರ ಅಣ್ಣ ಹುಲಿಗೇಶನ ಮೇಲೆ ಬಿತ್ತು. ಸಿರುಗುಪ್ಪದಲ್ಲಿ ಲಗೇಜ್ ಆಟೋ ಓಡಿಸಿ ತಂಗಿಯನ್ನು ಓದಿಸಿದವನು ಅವನೇ.

ಕಾಲೇಜಿನಲ್ಲಿ ಸಿಸ್ಟರ್ ಲೂರ್ದು ಮೇರಿ ಎಂಬವರು ತನಿಖೆಯ ಪಾಠ ಮಾಡುತ್ತಿದ್ದರು. ಬಳ್ಳಾರಿಯಲ್ಲೇ ಹುಟ್ಟಿ ಬೆಳೆದ ಹೆಂಗಸು. ಬಿಳಿಯ ಸೀರೆ, ದಪ್ಪ ಕನ್ನಡಕ, ಮಾತು ಮಾತ್ರ ಮಾರ್ಕೆಟ್ಟಿನವರ ಹಾಗೆ ಖಡಕ್ಕು. "ಸಂಶಯ ಇತ್ತಂದ್ರ ಬಾಗಿಲು ಬಡೀಬಹುದು, ಒಳಗ ನುಗ್ಗಾಕ ಬರಂಗಿಲ್ಲ" ಎಂದು ಅವರು ಮೊದಲ ದಿನ ಹೇಳಿದಾಗ ನೀಲಾವತಿಗೆ ಅಪ್ಪನ ಮುಖ ಕಣ್ಣ ಮುಂದೆ ಬಂತು.

ಕೊನೆಯ ವರ್ಷದ ದೀಪಾವಳಿ ಕಳೆದ ಮೇಲೆ ಆ ಮನುಷ್ಯ ಕಾಣಿಸಿಕೊಳ್ಳತೊಡಗಿದ.

ಗಾಂಧಿನಗರದಲ್ಲಿ ಹಾಸ್ಟೆಲಿನ ಸಮೀಪ ಒಂದು ಜೆರಾಕ್ಸ್ ಅಂಗಡಿ. ಅದರ ಮುಂದೆ ಮೊಪೆಡ್ಡಿಗೆ ಒರಗಿ ನಿಂತಿದ್ದ. ನಡುವಯಸ್ಸು, ಚೌಕಳಿ ಅಂಗಿ. ಎಡಗಿವಿಯ ತುದಿ ಯಾವಾಗಲೋ ಹರಿದು ಎರಡಾಗಿತ್ತು. ಮರುವಾರ ತರಗತಿಯವರೆಲ್ಲ ವಿಚಾರಣೆ ನೋಡಲು ಕೋರ್ಟಿಗೆ ಹೋದರೆ ಅಲ್ಲಿಯ ವರಾಂಡದಲ್ಲಿ ಅದೇ ಕಿವಿ. ಕೋರ್ಟಿಗೆ ಕೇಸಿದ್ದವರು ಬರುತ್ತಾರೆ, ಇರಲಿ ಎಂದುಕೊಂಡಳು. ಡಿಸೆಂಬರಿನಲ್ಲಿ ಸಿಸ್ಟರ್ ಹೇಳಿದರೆಂದು ಚರ್ಚಿನ ಆವರಣದ ಅನಾಥ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೋದಾಗ ಗೇಟಿನ ಆಚೆ ಅವನು ಮೊಬೈಲು ಎತ್ತಿ ಹಿಡಿದಿದ್ದ. ಈ ಸಲ ಇರಲಿ ಎಂದುಕೊಳ್ಳಲು ಅವಳಿಗೆ ಆಗಲಿಲ್ಲ.

ಸಿಸ್ಟರ್‌ಗೆ ಹೇಳಿದಳು. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ನೀನು ಚರ್ಚಿಗೆ ಹೋಗೋದು ಯಾರಿಗೆ ಗೊತ್ತಿತ್ತು?"

"ನನ್ನ ರೂಮಿನ ಸುಧಾರಾಣಿಗೆ ಅಷ್ಟೇರಿ."

"ಅಷ್ಟೇನಾ? ನಿನಗ ಬೇಕಾದವರು ಅಂತ ಯಾರನ್ನೂ ಲೆಕ್ಕದಿಂದ ಬಿಡಬ್ಯಾಡ ನೋಡು. ಮತ್ತೊಮ್ಮೆ ಅವನು ಕಂಡ್ರ ನನಗ ಫೋನ್ ಮಾಡು, ಇಬ್ಬರೂ ಕೂಡಿ ಸ್ಟೇಷನ್ನಿಗೆ ಹೋಗೋಣ."

ಅಣ್ಣನಿಗೆ ದಿನಾ ಫೋನಿನಲ್ಲಿ ನಾಳೆ ಎಲ್ಲಿಗೆ ಹೋಗುತ್ತೇನೆಂದು ಹೇಳುತ್ತಿದ್ದಳು. ಆದರೆ ಅಣ್ಣನನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಸುಧಾರಾಣಿ ಮಾತ್ರ ಕಣ್ಣಿಗೆ ಬಿದ್ದಳು. ಕುರುಗೋಡಿನ ಹುಡುಗಿ, ಎರಡು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳು. ಅವಳ ಫೋನ್ ರಿಂಗಾದರೆ ನೀಲಾವತಿ ಕಿವಿಗೊಡತೊಡಗಿದಳು. ಅವಳು ಹೊರಗೆ ಹೋದರೆ ಕಿಟಕಿಗೆ ಬರುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟಳು.

"ನಾನೆಲ್ಲಿ ಹೋಗ್ತೀನಿ ಅಂತ ಯಾರಿಗೆ ಹೇಳ್ತಿ? ಎಷ್ಟು ಕೊಡ್ತಾರ ನಿನಗ?"

ಸುಧಾರಾಣಿ ಬಟ್ಟೆ ಮಡಚುತ್ತಿದ್ದವಳು ಹಾಗೇ ನಿಂತಳು. "ಇದನ್ನ ಕೇಳಾಕ ಎಷ್ಟು ದಿನದಿಂದ ಕಾಯಾಕ ಹತ್ತಿದ್ದಿ?" ಎಂದಳು. ಸಂಜೆ ವಾರ್ಡನ್‌ಗೆ ಹೇಳಿ ಬೇರೆ ರೂಮಿಗೆ ಹೋದಳು.

ಜನವರಿಯಲ್ಲಿ ಹುಲಿಗೇಶ ಫೋನ್ ಮಾಡಿದ. "ಕುರುಗೋಡಿನಾಗ ದೊಡ್ಡವ್ವನ ಮನ್ಯಾಗ ಪೂಜಿ ಐತಿ. ಐತವಾರ ಬಾ. ಸೀರಿ ಉಟ್ಕೊಂಡು ಬಾ."

ಪೂಜೆಗೆ ಸೀರೆ ಯಾಕೆ ಎಂದು ಬಸ್ಸಿನಲ್ಲಿ ಕೂತಾಗಲೇ ಅವಳಿಗೆ ಅನುಮಾನ. ದೊಡ್ಡವ್ವ ಸಾವಂತ್ರಮ್ಮನ ಮನೆಯ ಹೊಸ್ತಿಲು ದಾಟಿದ ಮೇಲೆ ಅನುಮಾನವೂ ಉಳಿಯಲಿಲ್ಲ. ಪೂಜೆಯ ಸುಳಿವಿಲ್ಲ. ಪಡಸಾಲೆಗೆ ಹೊಸ ಜಮಖಾನೆ. ಒಳಗಿನಿಂದ ಮಂಡಕ್ಕಿ ಒಗ್ಗರಣಿ, ಮಿರ್ಚಿಯ ವಾಸನೆ. ತಾಯಿ ಟ್ರಂಕಿನ ಸೀರೆ ಉಟ್ಟು ಕೂತಿದ್ದಳು, ಮಗಳ ಮುಖ ನೋಡಲಿಲ್ಲ.

ಬೀಗರಾಗಲಿದ್ದವರು ಆಗಲೇ ಬಂದಿದ್ದರು. ಹುಡುಗ ರಾಮಾಂಜಿನಿ, ಕಬ್ಬಿಣದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಪಕ್ಕದಲ್ಲಿ ಅವನ ತಾಯಿ ಎಲ್ಲಮ್ಮ. ಬಾಗಿಲ ಬಳಿ ಗೋಡೆಗೆ ಒರಗಿ ಇನ್ನೊಬ್ಬ ಕೂತಿದ್ದ, ತಲೆಗೆ ಟವೆಲ್ ಸುತ್ತಿಕೊಂಡು.

ಚಹಾ ಕೊಟ್ಟು ಕೂತ ನೀಲಾವತಿಗೆ ಎಲ್ಲಮ್ಮ ಹೆಸರು, ಓದು, ಅಡುಗೆ ಎಲ್ಲ ಕೇಳಿದಳು. ಆಮೇಲೆ ದನಿ ಇಳಿಸಿದಳು. "ತಪ್ಪು ತಿಳ್ಕೋಬ್ಯಾಡವ್ವ. ಡಿಸೆಂಬರ್‌ನಾಗ ಚರ್ಚಿನಾಗ ನಿನಗೇನು ಕೆಲಸ ಇತ್ತು?"

ಗೇಟಿನ ಆಚೆ ಎತ್ತಿ ಹಿಡಿದಿದ್ದ ಮೊಬೈಲು ನೀಲಾವತಿಗೆ ನೆನಪಾಯಿತು. ಅವಳು ಬಾಗಿಲ ಕಡೆ ತಿರುಗಿದಳು. "ಸ್ವಲ್ಪ ಆ ಟವೆಲ್ ತೆಗೀರಿ."

ಅವನು ತೆಗೆಯಲಿಲ್ಲ. ರಾಮಾಂಜಿನಿಯೇ ಅಂದ, "ತಗಿ ಮಾಮಾ, ಏನಾಯ್ತು?"

ಹರಿದ ಕಿವಿ ಕಂಡಿತು. ಅವನ ಹೆಸರು ಮಾರೇಶ, ಎಲ್ಲಮ್ಮನ ತಮ್ಮ.

"ನಿಮ್ಮನ್ನ ನಾನು ಗಾಂಧಿನಗರದಾಗ ನೋಡೀನಿ, ಕೋರ್ಟಿನಾಗ ನೋಡೀನಿ, ಚರ್ಚಿನ ಗೇಟಿನ ಮುಂದ ನೋಡೀನಿ. ನಾನು ಎಲ್ಲಿ ಇರ್ತೀನಿ ಅಂತ ಮೊದಲೇ ನಿಮಗ ಯಾರು ಹೇಳ್ತಿದ್ರು?"

ಮಾರೇಶನ ಕಣ್ಣು ಅವಳನ್ನು ದಾಟಿ, ಕಂಬದ ಹತ್ತಿರ ನಿಂತಿದ್ದ ಹುಲಿಗೇಶನ ಕಡೆ ಹೋಯಿತು. ಅಷ್ಟು ಸಾಕಾಯಿತು.

"ಸಂಬಂಧ ಮಾಡೋದಂದ್ರ ನಾಕು ಕಡೆ ವಿಚಾರ ಮಾಡ್ತಾರಪ್ಪ, ಇದ್ರಾಗ ತಪ್ಪೇನೈತಿ?" ಎಂದು ಸಾವಂತ್ರಮ್ಮ ಮಾತು ಮರೆಸಲು ನೋಡಿದಳು. ರಾಮಾಂಜಿನಿ ತಲೆ ತಗ್ಗಿಸಿ, "ನನಗ ಗೊತ್ತಿರಲಿಲ್ಲರಿ" ಎಂದ. ನಿಜವೋ ಸುಳ್ಳೋ, ಅದನ್ನು ಪರೀಕ್ಷಿಸುವ ಮನಸ್ಸು ನೀಲಾವತಿಗಿರಲಿಲ್ಲ.

"ಮಕ್ಕಳಿಗೆ ಭಾಗಾಕಾರ ಹೇಳಿಕೊಡಾಕ ಹೋಗಿದ್ದೆ" ಎಂದು ಎಲ್ಲಮ್ಮನಿಗೆ ಉತ್ತರ ಕೊಟ್ಟಳು. "ನನ್ನನ್ನ ಕೇಳಿದ್ರ ಆವಾಗ್ಲೇ ಹೇಳ್ತಿದ್ದೆ. ಈ ಸಂಬಂಧ ನನಗ ಬ್ಯಾಡ್ರಿ."

ಅಂಗಳದಲ್ಲಿ ಹುಲಿಗೇಶ ಅವಳನ್ನು ತಡೆದ. "ಅವರು ಕೇಳಿದ್ರು, ಹೇಳಿದೆ. ಊರಾಗ ಮಂದಿ ಏನೇನೋ ಮಾತಾಡ್ತಿದ್ರು. ನೀನು ಜಾತಿ ಬಿಟ್ಟಿ ಅಂತ. ನನಗೂ... ನನಗೂ ಒಂದೊಂದು ಸಲ ಹಂಗ ಅನಿಸ್ತಿತ್ತು."

"ಅನಿಸಿದ್ರ ಕೇಳಬೇಕಿತ್ತು."

"ಕೇಳಿದ್ರ ನಿಜ ಹೇಳ್ತಿದ್ದಿಯೇನು?"

ಈ ಮಾತು ಅವಳಿಗೆ ಕಪಾಳಕ್ಕೆ ಬಿದ್ದಂತಾಯಿತು. "ಅಪ್ಪನ್ನ ಮಿಲ್ಲಿನವರು ಹಿಂಗ ನೋಡ್ತಿದ್ರಲ್ಲೋ ಅಣ್ಣಾ" ಎಂದಳು. "ನೀನು ಅವರನ್ನ ಬೈತಿದ್ದಿ."

ಹುಲಿಗೇಶ ಆಟೋದ ಬಾಗಿಲು ಹಿಡಿದುಕೊಂಡು ನಿಂತ. ಅವಳು ಒಬ್ಬಳೇ ಬಸ್ ಸ್ಟ್ಯಾಂಡಿಗೆ ನಡೆದಳು. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ದಾರಿಯುದ್ದಕ್ಕೂ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

ಹಾಸ್ಟೆಲಿಗೆ ಬಂದು ನೇರ ಸುಧಾರಾಣಿಯ ರೂಮಿಗೆ ಹೋಗಿ ಆದದ್ದೆಲ್ಲ ಹೇಳಿ ಕ್ಷಮೆ ಕೇಳಿದಳು. ಸುಧಾರಾಣಿ ಪೂರ್ತಿ ಕೇಳಿಸಿಕೊಂಡಳು, ಅವಳಿಗೆ ನೀರು ಕೊಟ್ಟಳು. "ಆಯ್ತು ಬಿಡು" ಎಂದಳು. ಆದರೆ ಹಳೆಯ ರೂಮಿಗೆ ತಿರುಗಿ ಬರಲಿಲ್ಲ. ಅದು ಸರಿಯೇ ಎಂದು ನೀಲಾವತಿಗೂ ಅನ್ನಿಸಿತು.

ಪರೀಕ್ಷೆ ಮುಗಿಯುವವರೆಗೆ ಅಣ್ಣತಂಗಿಯರ ನಡುವೆ ಮಾತಿರಲಿಲ್ಲ. ಪದವಿ ಕೊಡುವ ದಿನ ಅವನು ತಾಯಿಯನ್ನು ಕರೆತಂದ. ತಾನು ಗೇಟಿನ ಹೊರಗೇ ಉಳಿದ. ಪಕ್ಕೀರಮ್ಮ ಮಾತ್ರ ಒಳಗೆ ಬಂದು, ಕಾಲೇಜಿನ ಪ್ರಾರ್ಥನಾಮಂದಿರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಖಾಲಿ ಬೆಂಚಿನ ಮೇಲೆ ಕೂತು ಸುತ್ತಲೂ ನೋಡಿದಳು. "ಇಷ್ಟೇ ಏನು? ಭಾಳ ತಣ್ಣಗೈತಿ ಬಿಡು" ಎಂದಳು.

ನೀಲಾವತಿ ಈಗ ಬಳ್ಳಾರಿಯಲ್ಲಿ ಹೆಂಗಸರಿಗೆ ನೆರವಾಗುವ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ. ಗಂಡನ ಮೇಲೆ, ಅತ್ತೆಯ ಮೇಲೆ, ನೆರೆಯವರ ಮೇಲೆ ಗುಮಾನಿ ಹೊತ್ತು ಬಂದವರ ಮಾತು ಕೇಳುವುದೇ ಅವಳ ದಿನದ ಕೆಲಸ. ಹೋದ ವರ್ಷ ಹುಲಿಗೇಶನಿಗೆ ತೆಕ್ಕಲಕೋಟೆಯ ಕಡೆಯ ಒಂದು ಹುಡುಗಿಯನ್ನು ಗೊತ್ತುಮಾಡುವ ಮಾತು ನಡೆದಿತ್ತು. ಹುಡುಗಿ ಬಳ್ಳಾರಿಯಲ್ಲಿ ಓದುತ್ತಿದ್ದಳು. ಅವನು ತಂಗಿಗೆ ಫೋನ್ ಮಾಡಿ ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಕಡೆಗೆ, "ಆ ಹುಡುಗಿ ಹೆಂಗ ಅದಾಳ, ಯಾರ ಕೂಡ ಓಡಾಡ್ತಾಳ, ಒಂಚೂರು ನೋಡ್ತೀಯೇನು?" ಎಂದ.

ನೀಲಾವತಿ ಸಿಟ್ಟಾಗಲಿಲ್ಲ. "ಆಕಿ ನಂಬರ್ ಕೊಡು. ನಮ್ಮಣ್ಣಗ ನಿನ್ನ ಮ್ಯಾಲೆ ಈಗಲೇ ಅನುಮಾನ ಐತಿ, ಮುಂದಕ್ಕ ನೋಡ್ಕೋ ಅಂತ ಹೇಳ್ತೀನಿ."

ಫೋನ್ ಕಟ್ಟಾಯಿತು. ಎರಡು ವಾರ ಅವನಿಂದ ಸುದ್ದಿಯಿಲ್ಲ. ಆಮೇಲೆ ತಾಯಿಯಿಂದ ತಿಳಿಯಿತು: ಹುಲಿಗೇಶ ತಾನೇ ಹುಡುಗಿಯ ಮನೆಗೆ ಹೋಗಿ, ಅವಳ ತಂದೆತಾಯಿಯ ಎದುರಿಗೇ ಅವಳೊಡನೆ ಕೂತು ಮಾತಾಡಿ ಬಂದಿದ್ದ. ಕೇಳಬೇಕೆಂದು ಹೋದವನು ಅವನು. ಬಹುಪಾಲು ಪ್ರಶ್ನೆ ಕೇಳಿದವಳು ಮಾತ್ರ ಆ ಹುಡುಗಿಯೇ. ಮದುವೆ ಬೇಸಿಗೆಗೆ ನಿಶ್ಚಯವಾಯಿತು.