ಅಕ್ಕನ ಚಿತ್ರಕ್ಕೆ ಬಳಿದ ಬಿಳಿ

ಬೋರ್ಡು ಬರೆಯುತ್ತಿದ್ದ ನನ್ನ ಗೆಳೆಯ ತೀರಿಕೊಂಡು ತಿಂಗಳಾಯಿತು. ಅವನ ಅಂಗಡಿಗೆ ಅಂಟಿಕೊಂಡೇ ನನ್ನ ಬೈಂಡಿಂಗ್ ಅಂಗಡಿ. ಅವನದು ಕಾಡಿನ ಮೂಲದ ಜನ. ಅವನಜ್ಜ ಸರ್ವೆಯವರನ್ನು ನಂಬಿ, ಮರಳಿನ ಮೇಲೆ ಕಡ್ಡಿಯಿಂದ ಗೀಚಿ ಕಾಡಿನ ದಾರಿಗಳನ್ನು ತೋರಿಸಿದ್ದನಂತೆ. ಆಮೇಲೆ ಆ ದಾರಿಗಳಿಗೇ ಬೇಲಿ ಬಿತ್ತು. ಇವರೆಲ್ಲ ಊರಂಚಿನ ತಗಡಿನ ಮನೆಗಳಿಗೆ ಬಂದರು. ಬೇಲಿಯವರಿಗೆ ಗೊತ್ತಾಗದೆ ಉಳಿದದ್ದು ಸತ್ತವರನ್ನು ಮಣ್ಣು ಮಾಡುವ ಜಾಗವೊಂದೇ. ಈಗಲೂ ಕದ್ದು ಅಲ್ಲಿಗೇ ಒಯ್ಯುತ್ತಾರೆ.

ಹೀಗಾಗಿ ಸಂಶೋಧನೆಯ ಹೆಂಗಸೊಬ್ಬಳು ಬಣ್ಣದ ಡಬ್ಬಿ ಹಿಡಿದು ಬಂದಾಗ ಅವನು ಹುಬ್ಬು ಗಂಟಿಕ್ಕಿದ.

"ನಿಮ್ಮ ಬಗ್ಗೆ ನಾವು ಬರೆದದ್ದು ಸಾಕು. ನೀವೇ ಬಿಡಿಸಿ, ನೀವೇ ಅರ್ಥ ಹೇಳಿ. ಚಿತ್ರ ನಿಮ್ಮದೇ," ಎಂದಳು.

"ಮೊದಲು ಅಳತೆ ಟೇಪು ತಂದ್ರು, ಆಮೇಲೆ ರೆಕಾರ್ಡರು. ಈಗ ಬಣ್ಣ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ಬೆಣ್ಣೆಯಿಂದ ಕೂದಲು ತೆಗೆದ ಹಂಗೆ ನಮ್ಮ ಗುಟ್ಟು ತೆಗೀತಾರೆ, ನೋಡ್ತಿರು."

ಅವರ ಕೇರಿಯ ಹೆಂಗಸರು ಸಭಾಭವನದ ನೆಲದ ಮೇಲೆ ಹಾಳೆ ಹರಡಿ ಕೂತರು. ನೆಮ್ಮದಿ ಕೊಡುವ ಜಾಗ ಬಿಡಿಸಿ ಎಂದು ಸಂಶೋಧನೆಯವಳು ಹೇಳಿದ್ದೇ ತಡ, ಅವನಕ್ಕ ತಮ್ಮ ಅವ್ವನನ್ನು ಮಲಗಿಸಿದ ಜಾಗವನ್ನೇ ಬಿಡಿಸಿದಳು, ಹೋಗುವ ದಾರಿ ಸಮೇತ. ಎದುರು ಮೂಲೆಯಲ್ಲಿದ್ದ ನನಗೆ ಹಸಿರಷ್ಟೇ ಕಂಡಿತು. ಅವನು ಬಗ್ಗಿ ನೋಡಿದವನೇ, ಹಳೆ ಬೋರ್ಡಿಗೆ ಬಳಿಯುವಂತೆ, ಬಿಳಿ ಬಣ್ಣ ಅದ್ದಿ ಎಲ್ಲವನ್ನೂ ಮುಚ್ಚಿಬಿಟ್ಟ.

"ಲೋ ಮುಂಡೇದೆ, ಅದು ನನ್ನ ಚಿತ್ರ ಕಣೋ! ನಿನ್ನ ಅಂಗಡಿ ಬೋರ್ಡಲ್ಲ!"

"ಅವ್ವನ ಅಡ್ರೆಸ್ಸು ಬರೆದು ಕೊಡ್ತಿದೀಯಲ್ಲಕ್ಕ!"

ಅಕ್ಕ ಕುಂಚ ಕೆಳಗಿಟ್ಟಳು.

"ಫೋಟೋ ತೆಗೆದಿಲ್ಲಣ್ಣ," ಎಂದು ಆ ಹೆಂಗಸು ಫೋನನ್ನೇ ಅವನ ಕೈಗಿಟ್ಟಳು. ಬೆರಳಾಡಿಸಿ ನೋಡಿದ. ಒಂದೂ ಇರಲಿಲ್ಲ.

"ಅಳಿಸಿರ್ತೀರ," ಎಂದ. ಹಾಳೆಯನ್ನು ಮನೆಗೊಯ್ದು ಒಲೆಗೆ ಹಾಕಿದ.

ಅವಳು ಮೋಸಗಾತಿ ಎಂದು ನನಗೆ ಅನ್ನಿಸಿರಲಿಲ್ಲ. ಹಾಗೆಂದದ್ದಕ್ಕೆ ಅವನು ವಾರಗಟ್ಟಲೆ ನನ್ನೊಡನೆಯೂ ಬಿಗಿಯಾಗಿದ್ದ.

ಅವನು ಸತ್ತಾಗ ಅವಳೂ ಬಂದಿದ್ದಳು. ಹೆಣ ಹೊತ್ತವರ ಹಿಂದೆ ನಡೆದೆವು. ಕೊನೆಯ ಮನೆ ದಾಟುತ್ತಲೇ ಅಕ್ಕ ಕೈ ಅಡ್ಡ ಹಿಡಿದಳು.

"ನೀವು ಇಲ್ಲೇ ನಿಲ್ಲಿ ತಾಯಿ." ಆಮೇಲೆ ನನ್ನತ್ತ ತಿರುಗಿ, "ನೀವೂ ಅಷ್ಟೇ ಅಣ್ಣ. ಅವನೇ ಹೇಳಿ ಹೋಗಿದಾನೆ. ಬೇಜಾರು ಮಾಡ್ಕೋಬೇಡಿ," ಎಂದಳು.

ಬೇಜಾರಾಯಿತು. ಬಗ್ಗಿ ರಸ್ತೆಯಂಚಿನ ಒಂದು ಹಿಡಿ ಮಣ್ಣೆತ್ತಿ ಅಕ್ಕನ ಕೈಗೆ ಹಾಕಿದೆ. ಮುಷ್ಟಿ ಬಿಗಿಹಿಡಿದು ಹೆಣ ಹೊತ್ತವರ ಹಿಂದೆ ಓಡಿದಳು.